ಬಿಡಿ ಗುಳಿಗಿ

ರಬಕವಿ ಬಸ್‌ಸ್ಟ್ಯಾಂಡಿನ ಹಿಂದ, ಸೈಜಿಂಗ್ ಕಾರ್ಖಾನಿ ಮಗ್ಗಲಕ
ಆರು ಫೂಟು ಅಗಲದ ಔಷಧ ಅಂಗಡಿ ನಂದು.
ಇಪ್ಪತ್ಮೂರು ವರ್ಷ ಆತು. ತಕ್ಕಡಿ ಇಲ್ಲ, ಕತ್ತರಿ ಐತಿ.
ಅಳತಿ ಎಲ್ಲಾ ಅದರದ.

ಪಾಳಿ ಬದಲಾಗೋ ಹೊತ್ತಿಗೆ ಬರತಿದ್ರು,
ಕೂದಲದಾಗ ಅಳ್ಳಿ ಧೂಳು,
ಕಿವ್ಯಾಗ ಇನ್ನೂ ಲಾಳಿ ಹೊಡೆತ, ಅದಕ್ಕ ಮಾತೆಲ್ಲಾ ಜೋರು:
"ಮಾವಾ, ಮೈ ಕಾದೈತಿ. ಎರಡ ಕೊಡು.
ಸಾಂಚಾ ನಿಂದರಸಾಕ ಬರಂಗಿಲ್ಲ."
ಹತ್ತರ ಪಟ್ಟಿಯೊಳಗ ಎರಡು.
ಚಕ್.
ಹಳೇ ಪೇಪರಿನ್ಯಾಗ ಸುತ್ತಿ
"ಊಟ ಆದಮ್ಯಾಲ" ಅಂದ್ರ ಮುಗೀತು ನನ್ನ ವೈದ್ಯಕಿ.

ಜ್ವರ ಇಳೀತಿತ್ತು. ಅದ ತೊಂದರಿ ಆದದ್ದು.
ಇಳೀದಿದ್ರ ಯಾರರ ಬೈತಿದ್ರು, ನಾನೂ ಕಲೀತಿದ್ದೆ.
ಮಂದಿ ಕೈಗುಣ ಅಂದ್ರು.
ಉಬ್ಬಿದೆ, ಇಲ್ಲಂತ ಹ್ಯಾಂಗ ಹೇಳ್ಲಿ?
ಬೋರ್ಡಿಗೆ ಹಸರು ಲೈಟ್ ಹಾಕಿಸಿದೆ.

ತುಂಗವ್ವಗ ಆಷಾಢದಾಗ ಸುರು ಆತು.
ಉರಿಮೂತ್ರ ಅಂದ್ಲು, ಇಪ್ಪತ್ತೊಂಬತ್ತು ವರ್ಷದ ಸಂಸಾರದಾಗೂ
ಗ್ವಾಡಿ ಕಡೆ ಮಾರಿ ಮಾಡಿ.
ಕತ್ತರಿ ತಗೊಂಡೆ. ಮೂರು ಗುಳಿಗಿ.
ಆರಾಮಾತು. ಒಂಬತ್ತ ದಿನಕ್ಕ ಮತ್ತ.
ಮತ್ತ ಮೂರು, ಬ್ಯಾರೆ ಬಣ್ಣದ್ದು.
ದಸರಾಕ್ಕ ನಡುಕ ಹತ್ತಿತು, ಎರಡು ಕೌದಿ ಹೊಚ್ಚಿದ್ರೂ ಹಲ್ಲು ಕಟಕಟ.
ಬಾಗಲಕೋಟಿ ದವಾಖಾನ್ಯಾಗ ನನ್ನ ಗುರುತ ಹಿಡೀಲಿಲ್ಲ.
"ಮಾವಾ, ಎರಡ ಕೊಡು" ಅಂದ್ಲು.

ರಿಪೋರ್ಟಿಗೆ ಮೂರು ದಿನ.
ಔಷಧದ ಹೆಸರೆಲ್ಲಾ ಗೊತ್ತಿದ್ದವ, ನನ್ನ ಕಪಾಟಿನ ಸಾಲಿನವು,
ದಿನಾ ಮುಂಜಾನೆ ಧೂಳು ಝಾಡಿಸಿ ನಿಂದರಸತಿದ್ದೆ.
ಒಂದೊಂದರ ಮುಂದೂ ಒಂದ ಅಕ್ಷರ: ಆರ್.
ಆರ್ ಅಂದ್ರ ಇದಕ್ಕ ಅದು ಹೆದರಂಗಿಲ್ಲ.
ಆರ್. ಆರ್. ಆರ್.
ಹದಿನಾಲ್ಕರಾಗ ಹನ್ನೆರಡು.
ಲ್ಯಾಬಿನ ಹುಡುಗಿ ಶಮೀಮ್, ತೇರದಾಳದಾಕಿ, ಕಾಚಿನ ತಾಟು ತೋರಿಸಿದಳು:
"ಔಷಧ ನಡದ್ರ ಬಿಲ್ಲಿ ಸುತ್ತ ಬಯಲಾಗ್ತದ್ರೀ ಕಾಕಾ.
ಇಲ್ಲಿ ನೋಡ್ರಿ, ಅಂಚಿಗೇ ಬಂದು ಕುಂತಾವ."
ಹೌದು. ಸಂತ್ಯಾಗ ಪೊಲೀಸಪ್ಪನ ಕಾಲ ಬುಡಕ
ಬದನಿಕಾಯಿ ಹರವಿಕೊಂಡು ಕುಂತಂಗ.

ಯಾರು ಕಲಿಸಿದ್ರು ಇವಕ್ಕ?
ನಮ್ಮ ಓಣಿ ಈರಭದ್ರಪ್ಪ ಡಿಸೈನ್ ಕದಿಯೋದರಾಗ ಗಟ್ಟಿ.
ಮಂದಿ ಸೀರಿ ಪೂರಾ ಬ್ಯಾಡ ಅವಂಗ,
ಸೆರಗಿನ ಗೇಣು ತುಂಡು ಸಿಕ್ರ ಸಾಕು,
ಎಳಿ ಬಿಚ್ಚಿ, ಎಣಿಸಿ, ಎಂಟ ದಿನದಾಗ ಅದಕ್ಕೂ ಚಂದ ನೇಯತಿದ್ದ.
ನಾನು ಗೇಣು ಗೇಣು ತುಂಡು ಕೊಟ್ಟೆ,
ಇಪ್ಪತ್ಮೂರು ವರ್ಷ,
ಕಣ್ಣಿಗೆ ಕಾಣದ ನೇಕಾರರಿಗೆ.

ಉಳದ ಎರಡರಾಗ ಒಂದು ಆಕಿ ಕಿಡ್ನಿಗೆ ತಡಿಯಂಗಿಲ್ಲ ಅಂದ್ರು.
ಇನ್ನೊಂದು ಸೂಜಿ. ದಿನಕ್ಕ ಮೂರು, ಹತ್ತು ದಿನ.
ರೊಕ್ಕ ಎಣಿಸಿ ಕೇಳಿದೆ,
"ಐದು ದಿನ ಮಾಡಿ ನೋಡೂಣೇನ್ರಿ?"
ನಾನ ಕೇಳಿದೆ.
ಡಾಕ್ಟರ್ ಬಾಯಾರು ಏನೂ ಅನ್ನಲಿಲ್ಲ.
ಚಾಳೀಸು ತಗದು ನನ್ನ ನೋಡಿದ್ರು.

ತುಂಗವ್ವ ಮನಿಗೆ ಬಂದಾಳ.
ಬಳಿ ಮುಂಗೈಗೆ ನಿಂದರವಲ್ಲವು.

ನಿನ್ನೆ ರಾತ್ರಿ ಒಬ್ಬ ಹುಡುಗ,
ಹದಿನೇಳು ಇದ್ದೀತು, ಧೂಳಿನ ಮೀಸಿ:
"ಎರಡ ಕೊಡ್ರಿ."
ಚೀಟಿ? ಇಲ್ಲ.
ನೆಗಡಿಗೆ ಈ ಗುಳಿಗಿ ನಾಟಂಗಿಲ್ಲ ಅಂದೆ,
ನಾಟೋ ಜ್ವರ ಆದ್ರ ಪೂರಾ ನುಂಗಬೇಕು, ರಕ್ತ ತೋರಿಸು,
ಸರಕಾರಿ ದವಾಖಾನಿ ಹಿಂಗ ಹೋಗಿ ಬಲಕ್ಕ...
ಮಾತು ಉದ್ದ ಆತು.
ಅಂವ ನನ್ನ ಮಾರಿ ನೋಡಿದ,
ಬೋರ್ಡಿನ ಹಸರು ಲೈಟು ನೋಡಿದ,
ರಸ್ತಾ ದಾಟಿದ.

ಅಷ್ಟರಾಗ ಕರೆಂಟ್ ಹೋತು.
ಊರಿನ ಸಾಂಚಾ ಎಲ್ಲಾ ಒಮ್ಮೆಲೆ ಸುಮ್ಮನಾದಾಗ
ಆಚಿ ಅಂಗಡ್ಯಾಗ, ಮೇಣಬತ್ತಿ ಬೆಳಕಿನ್ಯಾಗ,
ಎಷ್ಟು ಸ್ವಚ್ಛ ಕೇಳಸ್ತು:
ಚಕ್.